ಮೂರು ಒತ್ತಿಗೆ ಒಂದು ಅಕ್ಷರ

ಜುಲೈ 1 ಬಂತೆಂದರೆ ಪತ್ರಿಕಾ ದಿನ. 1843ರಲ್ಲಿ ಅದೇ ದಿನ ‘ಮಂಗಳೂರ ಸಮಾಚಾರ’ ಹೊರಡಿಸಿದ ಹೆರ್ಮನ್ ಮೋಗ್ಲಿಂಗ್ ಅವರನ್ನು ಎಲ್ಲರೂ ನೆನೆಯುತ್ತೇವೆ. ಅವರ ಹೆಸರನ್ನು ರೋಮನ್ ಲಿಪಿಯಲ್ಲಿ ಟೈಪ್ ಮಾಡಬೇಕಾದಾಗ ಮಾತ್ರ ಕೈ ತಡವರಿಸುತ್ತದೆ. ಜರ್ಮನ್ ಬರವಣಿಗೆಯಲ್ಲಿ ಅವರ ಹೆಸರಿನ ‘ಓ’ ಅಕ್ಷರದ ನೆತ್ತಿಯ ಮೇಲೆ ಎರಡು ಚುಕ್ಕೆಗಳಿವೆ. ಕೆಲವರು ಚುಕ್ಕೆಗಳನ್ನು ಕೈಬಿಡುತ್ತಾರೆ, ಕೆಲವರು ಅದರ ಬದಲಿಗೆ ಪಕ್ಕದಲ್ಲೊಂದು ‘ಇ’ ಸೇರಿಸುತ್ತಾರೆ. ಒಬ್ಬರ ಹೆಸರಿಗೆ ಮೂರು ರೂಪ ಬಂದರೆ ಹುಡುಕುವವರ ಪಾಡು ಕಷ್ಟ.

ಇದಕ್ಕೆ ನಾನು ಕಂಡ ಅತ್ಯುತ್ತಮ ಉಪಾಯ ಕಾಂಪೋಸ್ ಕೀಲಿ. ಅದನ್ನು ಒತ್ತಿ ಬಿಡಿ. ಆಮೇಲೆ ಜೋಡಿ ಉದ್ಧರಣ ಚಿಹ್ನೆ, ಆಮೇಲೆ ‘ಓ’. ಮೂರನೆಯ ಒತ್ತಿಗೆ ಚುಕ್ಕೆಯ ‘ಓ’ ಸಿದ್ಧ. ‘ಇ’ ಮೇಲೆ ಓರೆಗೀಟು ಬೇಕೆಂದರೆ ಒಂಟಿ ಉದ್ಧರಣ ಚಿಹ್ನೆ ಮತ್ತು ‘ಇ’. ‘ಸಿ’ಗೆ ಬಾಲ ಬೇಕೆಂದರೆ ಅಲ್ಪವಿರಾಮ ಮತ್ತು ‘ಸಿ’. ಕಣ್ಣಿಗೆ ಕಾಣುವ ಆಕಾರವೇ ಒತ್ತಬೇಕಾದ ಕೀಲಿಯನ್ನು ಹೇಳಿಕೊಡುತ್ತದೆ. ವಿಂಡೋಸ್‌ನಲ್ಲಿ ಆಲ್ಟ್ ಹಿಡಿದು 0233 ಒತ್ತಿದರೂ ಓರೆಗೀಟಿನ ‘ಇ’ ಬರುತ್ತದೆ ನಿಜ. ಆದರೆ ಆ ಅಂಕಿಗೂ ಆ ಅಕ್ಷರದ ರೂಪಕ್ಕೂ ಏನೂ ನಂಟಿಲ್ಲ, ಉರು ಹೊಡೆಯಲೇಬೇಕು. ಒತ್ತಿದೊಡನೆ ಏನನ್ನೂ ಮೂಡಿಸದ ‘ಡೆಡ್ ಕೀ’ ಇರುವ ವಿನ್ಯಾಸಗಳಲ್ಲಿ ಇನ್ನೊಂದು ತೊಡಕು: ಬರೀ ಉದ್ಧರಣ ಚಿಹ್ನೆ ಬೇಕಾದಾಗಲೂ ಅದು ಮುಂದಿನ ಅಕ್ಷರಕ್ಕಾಗಿ ಕಾಯುತ್ತ ನಿಲ್ಲುತ್ತದೆ. ಕಾಂಪೋಸ್ ಕರೆದಾಗ ಮಾತ್ರ ಬರುತ್ತದೆ.

ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ 1983ರಲ್ಲಿ ತಂದ ವಿಟಿ220 ಟರ್ಮಿನಲ್‌ನ ಕೀಲಿಮಣೆಯಲ್ಲಿ ಈ ಕೀಲಿ ಇತ್ತು. ಸನ್ ಕಂಪನಿಯ ಕೀಲಿಮಣೆಗಳಲ್ಲಿ ಇದಕ್ಕೆಂದೇ ಒಂದು ಪುಟ್ಟ ದೀಪವೂ ಇತ್ತು. ಇಂದಿನ ಮಾಮೂಲಿ ಕೀಲಿಮಣೆಯಲ್ಲಿ ಆ ಕೀಲಿಯೇ ಇಲ್ಲ, ನಾವೇ ಒಂದನ್ನು ಗೊತ್ತುಮಾಡಬೇಕು. ಲಿನಕ್ಸ್‌ನಲ್ಲಿ ಸೆಟ್ಟಿಂಗ್ಸ್ ಸಾಕು, ವಿಂಡೋಸ್‌ಗೆ ವಿನ್‌ಕಾಂಪೋಸ್ ಎಂಬ ತಂತ್ರಾಂಶ ಇದೆ. ಬಲಗಡೆಯ ಆಲ್ಟ್ ಅನ್ನು ಬಹಳ ಮಂದಿ ಆರಿಸುತ್ತಾರೆ. ಕನ್ನಡದ ವಿನ್ಯಾಸಕ್ಕೆ ಆ ಕೀಲಿ ಬೇಕಾಗುವವರು ಮೆನು ಕೀಲಿಯನ್ನೋ ಕ್ಯಾಪ್ಸ್ ಲಾಕನ್ನೋ ಕೊಡುವುದು ಮೇಲು. ಎಡಿಟರ್ ಬಿಟ್ಟು ಏಳದವರಿಗೆ ಒಳದಾರಿಗಳೂ ಉಂಟು: ವಿಮ್‌ನಲ್ಲಿ ಕಂಟ್ರೋಲ್-ಕೆ, ‘ಓ’, ವಿವರಣ ಚಿಹ್ನೆ (:), ಈಮ್ಯಾಕ್ಸ್‌ನಲ್ಲಿ ಕಂಟ್ರೋಲ್-ಎಕ್ಸ್, 8, ಜೋಡಿ ಉದ್ಧರಣ, ‘ಓ’. ಆದರೆ ಇವು ಆಯಾ ಎಡಿಟರಿಗಷ್ಟೇ ಸೀಮಿತ. ಕಾಂಪೋಸ್ ಕಲಿತರೆ ಅದೇ ಬೆರಳಾಟ ಮಿಂಚಂಚೆಗೂ ಸಲ್ಲುತ್ತದೆ.

ಕನ್ನಡದ ಸಂಶೋಧಕರಿಗೆ ಇದರ ಬೆಲೆ ಇನ್ನೂ ಹೆಚ್ಚು. ‘ಕನ್ನಡ’ ಎಂಬುದನ್ನೇ ವಿದ್ವತ್ತಿನ ರೋಮನ್ ಲಿಪ್ಯಂತರದಲ್ಲಿ ಬರೆಯುವುದಾದರೆ ‘ಡಿ’ಯ ಕೆಳಗೆ ಚುಕ್ಕೆ ಇಡಬೇಕು. ಅದಕ್ಕೆ ಕಾಂಪೋಸ್, ಆಶ್ಚರ್ಯಸೂಚಕ, ‘ಡಿ’. ಆಶ್ಚರ್ಯಸೂಚಕದ ಚುಕ್ಕೆ ಕೆಳಗಿರುತ್ತದಲ್ಲ, ಅದೇ ಗುರುತು. ದೀರ್ಘ ತೋರಿಸುವ ಮೇಲ್ಗೆರೆಗೆ ಅಡಿಗೆರೆಯ ಕೀಲಿ ಮತ್ತು ಸ್ವರ. 2001ರ ಐಎಸ್‌ಒ 15919 ಪದ್ಧತಿಯಲ್ಲಿ ನಮ್ಮ ಏಕಾರ, ಓಕಾರಗಳಿಗೂ ಮೇಲ್ಗೆರೆ ಕಡ್ಡಾಯ, ಏಕೆಂದರೆ ಕನ್ನಡದಲ್ಲಿ ಅವುಗಳಿಗೆ ಹ್ರಸ್ವವೂ ಇದೆ. ಆ ಗೆರೆ ಬಿಟ್ಟರೆ ‘ಕೊಡು’, ‘ಕೋಡು’ ಎರಡೂ ಒಂದೇ.

ಲಿನಕ್ಸ್‌ನಲ್ಲಿ ನಮ್ಮದೇ ಜೋಡಣೆಗಳನ್ನು ಒಂದು ಫೈಲಿನಲ್ಲಿ ಬರೆದಿಡಬಹುದು. ಶಾಸನ ಓದುವವರಿಗೆ ಬೇಕಾದ ಱ, ೞ ಅಕ್ಷರಗಳಿಗೆ ಒಂದೊಂದು ಸಾಲು ಸಾಕು. ಮೂಲ ಪಟ್ಟಿಯನ್ನು ಸೇರಿಸಿಕೊಳ್ಳುವ ಸಾಲನ್ನು ಮೊದಲಿಗೆ ಹಾಕಲು ಮರೆಯಬಾರದು, ಇಲ್ಲದಿದ್ದರೆ ಸಿದ್ಧ ಜೋಡಣೆಗಳು ಕೆಲಸ ಮಾಡುವುದಿಲ್ಲ.

ಕೆ. ಪಿ. ರಾವ್ ಅವರ ಕನ್ನಡ ಕೀಲಿಮಣೆ ವಿನ್ಯಾಸದಲ್ಲಿ ಒತ್ತಕ್ಷರಕ್ಕಾಗಿ ನಡುವೆ ‘ಎಫ್’ ಒತ್ತಿ ಪಳಗಿದ ಕೈಗಳಿಗೆ ಈ ಕ್ರಮ ಹೊಸದೇನಲ್ಲ. ನಮ್ಮ ಹೆಸರಿನ ಒತ್ತು, ದೀರ್ಘ ತಪ್ಪಿದರೆ ನಮಗೆ ನೋವಾಗುತ್ತದೆ. ಬೇರೆ ಭಾಷೆಯವರ ಹೆಸರಿಗೂ ಅಷ್ಟೇ ಮರ್ಯಾದೆ ಸಲ್ಲಬೇಕು. ಮುಂದಿನ ಪತ್ರಿಕಾ ದಿನದ ಲೇಖನಗಳಲ್ಲಿ ಮೋಗ್ಲಿಂಗ್ ಹೆಸರು ರೋಮನ್ ಲಿಪಿಯಲ್ಲಿ ಬಂದರೆ ಆ ಎರಡು ಚುಕ್ಕೆಗಳೊಂದಿಗೇ ಬರಲಿ.