ಹೂಂಗುಟ್ಟುವ ಓದುಗ: ಪತ್ರಿಕಾ ಜಾಲತಾಣಗಳ ಮರುಚಿಂತನೆ

ಮೌಖಿಕ ಪರಂಪರೆಯಲ್ಲಿ ಕೇಳುಗ ಕಥನದ ಹೊರಗೆ ನಿಲ್ಲುವವನಲ್ಲ. ಕಥೆ ಹೇಳುವವರಿಗೆ ಹೂಂಗುಟ್ಟುವವರು ಬೇಕು. ಹೂಂಗುಟ್ಟುವಿಕೆ ನಿಂತರೆ ಕಥೆಯೂ ನಿಲ್ಲುತ್ತದೆ. ಅಲ್ಲಿ ಕೇಳುಗನಿಗೆ ಒಂದು ಕೆಲಸವಿದೆ, ಆ ಕೆಲಸಕ್ಕೊಂದು ಕ್ರಮವಿದೆ. ಮುದ್ರಿತ ಪತ್ರಿಕೆಯು ಈ ಸಂಬಂಧವನ್ನು ಬಹುಮಟ್ಟಿಗೆ ಓದುಗರ ಪತ್ರಗಳ ಅಂಕಣಕ್ಕೆ ಸೀಮಿತಗೊಳಿಸಿತು. ಅಂತರಜಾಲವು ಅದನ್ನು ಮರಳಿ ತರುವುದೆಂಬ ನಿರೀಕ್ಷೆ ಎಷ್ಟರಮಟ್ಟಿಗೆ ಈಡೇರಿದೆ ಎಂಬುದು ಪರಿಶೀಲನಾರ್ಹ.

ಈ ದೃಷ್ಟಿಯಿಂದ ಎರಡು ಪ್ರಯೋಗಗಳನ್ನು ಗಮನಿಸಬಹುದು. 2005ರ ಜೂನ್‌ನಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆಯು ಇರಾಕ್ ಯುದ್ಧ ಕುರಿತ ಸಂಪಾದಕೀಯವನ್ನು ಓದುಗರೇ ತಿದ್ದಲು ತನ್ನ ಜಾಲತಾಣದಲ್ಲಿ ಮುಕ್ತವಾಗಿಟ್ಟಿತು. ಅಶ್ಲೀಲ ಚಿತ್ರಗಳು ತುಂಬಿಕೊಂಡಿದ್ದರಿಂದ ಮೂರೇ ದಿನಗಳಲ್ಲಿ ಅದನ್ನು ಮುಚ್ಚಬೇಕಾಯಿತು. ದಕ್ಷಿಣ ಕೊರಿಯಾದಲ್ಲಿ ಓ ಯೆಯಾನ್-ಹೋ 2000ದಲ್ಲಿ 727 ನಾಗರಿಕ ವರದಿಗಾರರೊಡನೆ ಆರಂಭಿಸಿದ ಓಮೈನ್ಯೂಸ್ ಬೇರೆ ದಾರಿ ಹಿಡಿಯಿತು. ಅಲ್ಲಿ ಸಾಮಾನ್ಯರು ಬರೆದ ವರದಿಗಳನ್ನು ಸಂಪಾದಕರು ಪರಿಶೀಲಿಸಿ ಪ್ರಕಟಿಸುತ್ತಿದ್ದರು. ಬರೆದವರಿಗೆ ಅಲ್ಪ ಸಂಭಾವನೆಯೂ ಇತ್ತು. ಮೊದಲನೆಯದು ಬಾಗಿಲನ್ನಷ್ಟೇ ತೆರೆಯಿತು. ಎರಡನೆಯದು ಒಳಬಂದವರಿಗೆ ಪಾತ್ರವನ್ನೂ ಹೊಣೆಯನ್ನೂ ನೀಡಿತು.

ಬಳಕೆಯ ಸುಲಭತೆಯನ್ನು ಇದರಿಂದ ಬೇರ್ಪಡಿಸಿ ನೋಡಲಾಗದು. 1991ರಲ್ಲಿಯೇ ಯೂನಿಕೋಡ್ ಕನ್ನಡ ಲಿಪಿಗೆ ಸ್ಥಾನ ನೀಡಿದ್ದರೂ ಈ ಶತಮಾನದ ಆರಂಭದಲ್ಲಿ ಅನೇಕ ಕನ್ನಡ ಪತ್ರಿಕಾ ತಾಣಗಳು ತಮ್ಮದೇ ಫಾಂಟ್‌ಗಳನ್ನು ನೆಚ್ಚಿದ್ದವು. ಫಾಂಟ್ ಇಳಿಸಿಕೊಂಡವರು ಓದಬಲ್ಲವರಾದರು. ಅದೇ ಲಿಪಿಯಲ್ಲಿ ಮರುನುಡಿಯುವುದು ಎಲ್ಲರಿಗೂ ಸಾಧ್ಯವಾಗಲಿಲ್ಲ. ವಿನ್ಯಾಸದ ಈ ತೊಡಕು ಮೇಲ್ನೋಟಕ್ಕೆ ತಾಂತ್ರಿಕ. ಪರಿಣಾಮದಲ್ಲಿ ಅದು ಮಾತಿನ ಹಕ್ಕಿಗೆ ಸಂಬಂಧಿಸಿದ್ದು. ಯೂನಿಕೋಡ್ ವ್ಯಾಪಕವಾದ ಬಳಿಕ ಆ ತೊಡಕು ಬಹುಪಾಲು ನೀಗಿದೆ. ಆದರೆ ಸುಲಭತೆಯನ್ನು ಅಕ್ಷರಸ್ಥನ ಅಳತೆಗೋಲಿನಿಂದಲೇ ಅಳೆಯುವ ರೂಢಿ ಉಳಿದಿದೆ.

ಛತ್ತೀಸಗಡದಲ್ಲಿ ಪತ್ರಕರ್ತ ಶುಭ್ರಾಂಶು ಚೌಧರಿ 2010ರಲ್ಲಿ ಆರಂಭಿಸಿದ ಸಿಜಿನೆಟ್ ಸ್ವರ ಈ ರೂಢಿಯನ್ನು ಪ್ರಶ್ನಿಸಿತು. ಗೊಂಡಿ ಮಾತನಾಡುವವರೂ ಸೇರಿದಂತೆ ಗ್ರಾಮೀಣರು ಸಾಧಾರಣ ದೂರವಾಣಿಯಲ್ಲಿ ತಮ್ಮೂರಿನ ವರದಿಯನ್ನು ಬಾಯಿಮಾತಿನಲ್ಲಿ ದಾಖಲಿಸಿದರು. ಪರಿಶೀಲನೆಯ ನಂತರ ಅದನ್ನು ಇತರರು ದೂರವಾಣಿಯಲ್ಲೂ ಜಾಲತಾಣದಲ್ಲೂ ಕೇಳಬಹುದಾಗಿತ್ತು. ಅಕ್ಷರದ ಹಂಗಿಲ್ಲದೆಯೂ ಸುದ್ದಿಯಲ್ಲಿ ಪಾಲ್ಗೊಳ್ಳಬಹುದೆಂಬುದಕ್ಕೆ ಇದು ನಿದರ್ಶನ.

ವರದಿಯ ಅಡಿಯಲ್ಲಿ ಪ್ರತಿಕ್ರಿಯೆಗೊಂದು ಚೌಕ ಒದಗಿಸಿದ ಮಾತ್ರಕ್ಕೆ ಸಹಭಾಗಿತ್ವ ಸಿದ್ಧಿಸುವುದಿಲ್ಲ. ಕಥೆ ಮುಗಿದ ಮೇಲೆ ಹಾಕುವ ಹೂಂಗೆ ಕಥೆಯನ್ನು ನಡೆಸುವ ಬಲವಿಲ್ಲ. ಸುದ್ದಿ ರೂಪುಗೊಳ್ಳುವ ಹಂತದಲ್ಲಿಯೇ ಓದುಗನಿಗೆ ಕೆಲಸ, ಆ ಕೆಲಸಕ್ಕೊಂದು ಕ್ರಮ, ಅವನ ನುಡಿಗೆ ತಕ್ಕ ಸಾಧನ – ಪತ್ರಿಕಾ ಜಾಲತಾಣಗಳ ಮರುರಚನೆ ಈ ಮೂರನ್ನು ಆಧರಿಸಬೇಕಾಗಿದೆ.