ಏಕತಾರಿಗೆ ಎಂಥ ತಂತಿ?

ನಮ್ಮ ಜತ್ತ ತಾಲೂಕಿನ ಹಳ್ಳಿಗಳಲ್ಲಿ ಭಜನಿ ಮೇಳಗಳಿಗೆ ಬರ ಬಂದಿಲ್ಲ. ಶ್ರಾವಣ ಬಂತಂದ್ರ ಮಠದಾಗ, ಗುಡಿಯಾಗ ರಾತ್ರಿ ತಾಳದ ಸಪ್ಪಳ ಕೇಳಿಸತೈತಿ. ಶಿಶುನಾಳ ಶರೀಫರ ಪದ, ಕಡಕೋಳ ಮಡಿವಾಳಪ್ಪನವರ ಪದ, ನಿಜಗುಣರ ಪದ ಇನ್ನೂ ಬಾಯಾಗ ಅದಾವ. ಹಾಡುವವರಿದ್ದಾರೆ, ಕೇಳುವವರೂ ಇದ್ದಾರೆ. ಆದರೆ ಭಜನಿ ಮುಗಿಸಿ ಎದ್ದು ಹೊಂಟವರನ್ನು ನಿಲ್ಲಿಸಿ "ಏನು ಹಾಡಿದರಪ್ಪ?" ಅಂತ ಕೇಳಿ ನೋಡಿರಿ. "ಭಾರಿ ಹಾಡಿದ್ರು" ಅಂತಾರ. ಪದದ ಒಂದು ನುಡಿ ಹೇಳು ಅಂದರೆ ಬರೋದಿಲ್ಲ. ಮೈಕು ಕಾರಣ, ಡೋಲಕ್ಕು ಕಾರಣ ಅಂತ ಬೈಯುವವರು ಬಹಳ ಮಂದಿ. ಯಾರೂ ಬೈಯದ ಕಾರಣ ಇನ್ನೊಂದು ಐತಿ. ಅದು ಏಕತಾರಿಗೆ ಹಾಕಿದ ತಂತಿ. ತಂತಿಯೊಂದು ಸಣ್ಣ ಮಾತು ಅನಿಸಬಹುದು. ನನ್ನ ಮಟ್ಟಿಗೆ ನಮ್ಮ ಕಡೆಯ ಹಾಡಿಕಿ ಕೆಟ್ಟದ್ದು ಅಲ್ಲಿಂದಲೇ.

ಮೊದಲು ಏಕತಾರಿಯ ಕೆಲಸ ಏನು ಅನ್ನೋದನ್ನ ನೋಡಬೇಕು. ಪೇಟಿ ಹಾಡಿನ ಜೋಡಿ ಓಡತೈತಿ, ಡೋಲಕ್ಕು ಹಾಡನ್ನ ಓಡಸತೈತಿ. ಏಕತಾರಿ ಎರಡೂ ಮಾಡೋದಿಲ್ಲ. ಅದು ಮಾತಿನ ಕೆಳಗೆ ಹಾಸಿದ ಕಂಬಳಿ ಇದ್ದಹಾಂಗ. ಒಂದು ನುಡಿ ಮುಗಿದು ಇನ್ನೊಂದು ನುಡಿ ಏಳುವ ನಡುವೆ ಉಳಿಯುವ ಖಾಲಿ ಜಾಗವನ್ನು ತುಂಬಬೇಕು, ಮಾತು ಎದ್ದಕೂಡಲೇ ತಾನು ಕೆಳಗೆ ಇಳಿಯಬೇಕು. ತತ್ವಪದದಲ್ಲಿ ಮಾತೇ ದೊಡ್ಡದು. ಒಂದು ಅಕ್ಷರ ತಪ್ಪಿ ಕೇಳಿಸಿದರೆ ಅರ್ಥ ತಲೆಕೆಳಗಾಗುವ ಪದಗಳು ಅವು. ಹಿಂಗಾಗಿ ಯಾವ ತಂತಿ ಮಾತನ್ನು ಮುಚ್ಚುತ್ತದೋ ಅದು ಎಷ್ಟೇ ಜೋರಾಗಿ ಬಾರಿಸಲಿ, ಕೆಟ್ಟ ತಂತಿ. ನಾನು ತೂಗುವ ತಕ್ಕಡಿ ಇದೊಂದೇ.

ಈ ತಕ್ಕಡಿಯಲ್ಲಿ ಈಗಿನ ತಂತಿಗಳನ್ನು ಇಟ್ಟು ನೋಡೋಣ. ಬಹಳ ಊರುಗಳಲ್ಲಿ ಕಾಣುವುದು ಸೈಕಲ್ಲಿನ ಬ್ರೇಕ್ ವೈರಿನ ಎಳೆ. ಹಳೆ ವೈರು ಬಿಚ್ಚಿ ಒಂದು ಎಳೆ ಜಗ್ಗಿ ಬಿಗಿಯುತ್ತಾರೆ. ರೊಕ್ಕ ಬೀಳೋದಿಲ್ಲ, ಖರೆ. ಆದರೆ ಆ ಎಳೆ ಹಗ್ಗದಂತೆ ಹೊಸೆದದ್ದು. ಬಿಚ್ಚಿದ ಮೇಲೂ ಸುರುಳಿ ಹೋಗೋದಿಲ್ಲ. ಬಿಗಿದಾಗ ಕಣ್ಣಿಗೆ ನೆಟ್ಟಗೆ ಕಾಣಿಸಿದರೂ ಬೆರಳಾಡಿಸಿದರೆ ಗಂಟು ಗಂಟು ತಾಗುತ್ತದೆ. ಅಂಥ ತಂತಿ ಒಂದು ಸೂರಿಗೆ ನಿಲ್ಲುವುದಿಲ್ಲ. ಮೀಟಿದರೆ ಒಂದು ದನಿ, ಇಳಿಯುವಾಗ ಇನ್ನೊಂದು ದನಿ. ಹಾಡುವವನು ಯಾವುದನ್ನು ಹಿಡಿಯಬೇಕು? ಅವನು ಏಕತಾರಿ ಬಿಟ್ಟು ಪೇಟಿ ಹಿಡೀತಾನ. ಆಮೇಲೆ ಏಕತಾರಿ ಫೋಟೋಕ್ಕಷ್ಟೇ ಉಳೀತೈತಿ.

ಎರಡನೆಯದು ಗಿಟಾರಿನ ತಂತಿ. ಕಾಲೇಜಿಗೆ ಹೋಗುವ ಹುಡುಗರು ತಂದು ಹಾಕುತ್ತಿದ್ದಾರೆ. ಇದಕ್ಕೆ ನಾನು ಪೂರಾ ವಿರುದ್ಧ ಅಲ್ಲ. ಆರು ತಂತಿಯ ಪೊಟ್ಟಣದಲ್ಲಿ ಸಣ್ಣವು ಎರಡು ಬರಿ ಉಕ್ಕಿನವು. ದಪ್ಪದವು ನಾಲ್ಕಕ್ಕೆ ಒಳಗೆ ಉಕ್ಕು, ಮೇಲೆ ತಾಮ್ರದ ಬೆರಕಿಯ ಎಳೆ ಸುತ್ತಿರುತ್ತಾರೆ. 12 ಅಂತ ಕರೆಯುವ ಪೊಟ್ಟಣದ ಎರಡನೆ ತಂತಿ ಸುಮಾರು 0.4 ಮಿಲಿಮೀಟರು. ಅದು ಗಂಡಸರ ಏಕತಾರಿಗೆ ಸರಿಯಾಗಿ ಹೊಂದುತ್ತದೆ, ಹಾಕಿರಿ, ನನ್ನ ತಕರಾರು ಇಲ್ಲ. ತಕರಾರು ಇರುವುದು ಸುತ್ತಿದ ದಪ್ಪ ತಂತಿಯ ಮೇಲೆ. "ಕಾಕಾ, ಇದರ ಬೇಸ್ ನೋಡ್ರಿ" ಅಂತ ಹುಡುಗರು ಖುಷಿಪಡುತ್ತಾರೆ. ಏಕತಾರಿಯ ಕುದುರೆ ಅಗಲ, ಮೇಲೆ ಸಪಾಟ. ತಂತಿ ಅದರ ಬೆನ್ನಿಗೆ ಹತ್ತಿಯೂ ಹತ್ತದಂತೆ ತೀಡಿದಾಗ ಝೇಂಕಾರ ಹುಟ್ಟುತ್ತದೆ. ಅದಕ್ಕೇ ನಡುವೆ ಜೀವಾಳಿ ದಾರ ಇಡುತ್ತೇವೆ. ಸುತ್ತಿದ ತಂತಿಯ ಮೈ ಗರಗಸದಂತೆ. ಅದು ಕುದುರೆಯ ಮೇಲೆ ಕೂತರೆ ಝೇಂಕಾರ ಇಲ್ಲ, ಬರೇ ಗರಗರ. ನಾಲ್ಕು ತಿಂಗಳಲ್ಲಿ ಕುದುರೆಯ ಬೆನ್ನೂ ಸವೆಯುತ್ತದೆ.

ಅದೇ ತಂತಿ ಗಿಟಾರಿನಲ್ಲಿ ಚೆಂದ ನುಡಿಯುತ್ತದೆ, ಯಾಕಂದರೆ ಅಲ್ಲಿ ತಂತಿ ಕೂರುವುದು ಸಣ್ಣ ಎಲುಬಿನ ಪಟ್ಟಿಯ ಅಂಚಿನ ಮೇಲೆ. ನಮ್ಮೂರ ಹುಡುಗನೊಬ್ಬನ ಹತ್ತಿರ ದೊಡ್ಡ ಹೊಟ್ಟೆಯ ಗಿಟಾರಿದೆ. ಅವನು ಎರಡು ನಮೂನೆ ಪೊಟ್ಟಣ ತಂದು ನನಗೆ ಕೇಳಿಸಿದ. ಒಂದರ ಮೇಲಿನ ಸುತ್ತು 80 ಪಾಲು ತಾಮ್ರ, 20 ಪಾಲು ಸತು. ಹೆಸರು ಕಂಚು, ಆದರೆ ಬೋಗಾರನಿಗೆ ಕೇಳಿದರೆ ಹಿತ್ತಾಳೆ ಅಂತಾನ. ಇನ್ನೊಂದರಲ್ಲಿ ತಾಮ್ರಕ್ಕೆ ತವರ, ಚೂರು ರಂಜಕ. ಮೊದಲನೆಯದು ಹೊಸದರಲ್ಲಿ ಝಣಝಣ ಅನ್ನುತ್ತದೆ, ಬೇಗ ಮಂಕಾಗುತ್ತದೆ. ಎರಡನೆಯದು ಮೆತ್ತಗೆ, ತುಂಬಿದ ದನಿ, ಹೆಚ್ಚು ದಿನ ಬರುತ್ತದೆ. ಅವನ ಗಿಟಾರಿನ ಹೊಟ್ಟೆಯೇ ಗುಮ್ಮೆನ್ನುವಂಥದ್ದು. ಅದಕ್ಕೆ ಝಣಝಣ ತಂತಿ ಸರಿಹೋಯಿತು. ಸಣ್ಣ ಹೊಟ್ಟೆಯ, ಕೀರಲು ದನಿಯ ಗಿಟಾರಾಗಿದ್ದರೆ ಎರಡನೆಯದನ್ನೇ ಹಾಕು ಅನ್ನುತ್ತಿದ್ದೆ. ನೈಲಾನ್ ತಂತಿಯ ಗಿಟಾರಿಗೆ ಮಾತ್ರ ಉಕ್ಕಿನ ತಂತಿ ಏರಿಸಲೇಬಾರದು. ನೈಲಾನಿನ ಆರೂ ತಂತಿ ಸೇರಿ ಸುಮಾರು 40 ಕಿಲೋ ಜಗ್ಗಿದರೆ ಉಕ್ಕಿನವು 70 ಕಿಲೋ ಮೀರಿ ಜಗ್ಗುತ್ತವೆ. ಕುದುರೆ ಕಿತ್ತು ಬರುತ್ತದೆ.

ಈ ಜಗ್ಗುವ ಮಾತು ಬಂತಲ್ಲ, ಏಕತಾರಿಯ ರೋಗದ ಬೇರು ಇಲ್ಲೇ ಐತಿ. ನನ್ನ ಏಕತಾರಿಯಲ್ಲಿ ಕುದುರೆಯಿಂದ ಮೇರುವರೆಗೆ 80 ಸೆಂಟಿಮೀಟರು. ಬಿರಡೆಗೆ ಸುತ್ತುವ ಬದಲು ತಂತಿಯ ತುದಿಗೆ ಡಾಳಿಂಬ ತೂಗುವ ಸ್ಪ್ರಿಂಗ್ ಕಾಟಾ ಸಿಗಿಸಿ ಜಗ್ಗಿ ನೋಡಿದೆ. ಪ್ರೌಢಶಾಲೆಯ ವಿಜ್ಞಾನದ ಗುರುಗಳೊಬ್ಬರು ಅದನ್ನೇ ಕಾಗದದ ಮೇಲೆ ಲೆಕ್ಕ ಹಾಕಿದರು. ಎರಡೂ ಹತ್ತಿರ ಹತ್ತಿರ ಬಂದವು. 27 ನಂಬರಿನ ಉಕ್ಕಿನ ತಂತಿ, ಅಂದರೆ ಸುಮಾರು 0.42 ಮಿಲಿಮೀಟರು, ಕರಿ ಒಂದಕ್ಕೆ ಬರಬೇಕಾದರೆ ಐದೂವರೆ ಕಿಲೋ ಜಗ್ಗಬೇಕು. ಅದೇ ತಂತಿಯನ್ನು ಕರಿ ಮೂರಕ್ಕೆ ಏರಿಸಿದರೆ ಒಂಬತ್ತೂವರೆ ಕಿಲೋ. ಪೇಟಿಯ ಮೇಲೆ ಬೆರಳು ಸರಿದದ್ದು ನಾಲ್ಕು ಬೆರಳಿನಷ್ಟೂ ಇಲ್ಲ, ಇಲ್ಲಿ ಭಾರ ಸುಮಾರು ಎರಡು ಪಟ್ಟು ಆಯಿತು. ದ್ರಾಕ್ಷಿ ಮಂಟಪದ ತಂತಿ ಅತಿಯಾಗಿ ಬಿಗಿದರೆ ಕಡೆಯ ಕಂಬ ಹೇಗೆ ಒಳಗೆ ವಾಲುತ್ತದೋ ಹಾಂಗ ಏಕತಾರಿಯ ದಂಡಿ ವಾಲುತ್ತದೆ. ಬುರುಡೆ ಉಸಿರು ಹಿಡಿದಂತಾಗುತ್ತದೆ. ಮೀಟಿದರೆ ಟಣ್ ಅಂತ ಕಿವಿಗೆ ಬಡಿದು ಅಲ್ಲೇ ಸಾಯುತ್ತದೆ, ನಾದ ಉಳಿಯೋದಿಲ್ಲ. ಆ ಟಣ್ ಬಂದು ಕೂರುವುದು ಹಾಡುಗಾರನ ಅಕ್ಷರದ ಮೇಲೆ.

ಕರಿ ಮೂರಕ್ಕೆ ಹಾಡಲೇಬೇಕು ಅಂದರೆ ಹಾಡಿರಿ. ಆದರೆ ತಂತಿ ಬದಲಿಸಿರಿ. 30 ನಂಬರು ಹಾಕಿದರೆ ಕರಿ ಮೂರಕ್ಕೂ ಅದೇ ಐದೂವರೆ ಕಿಲೋ ಸಾಕು. ಬುರುಡೆಗೆ ನೋವಿಲ್ಲ. ನಂಬರು ದೊಡ್ಡದಾದಂತೆ ತಂತಿ ಸಣ್ಣದು, ಇದನ್ನು ಅಂಗಡಿಯಲ್ಲಿ ಮರೆಯಬ್ಯಾಡ್ರಿ.

ಅಕ್ಕನ ಬಳಗದವರ ಭಜನಿಯಲ್ಲಂತೂ ಇನ್ನೊಂದು ಅನ್ಯಾಯ ನಡೆಯುತ್ತದೆ. ಹೆಣ್ಣುಮಕ್ಕಳ ದನಿ ಸಹಜವಾಗಿ ಕರಿ ನಾಲ್ಕು, ಕರಿ ಐದಕ್ಕೆ ಅರಳುತ್ತದೆ. ಅವರ ಕೈಗೆ ಕೊಡುವುದು ಗಂಡಸರ ಏಕತಾರಿ, ಅದರ ದಪ್ಪ ತಂತಿ ಸಮೇತ. ಅದು ಅಷ್ಟು ಮೇಲೆ ಏರೋದಿಲ್ಲ. ಹಿಂಗಾಗಿ ಅವರೇ ದನಿ ಇಳಿಸಿ, ಗಂಟಲೊಳಗೆ ನುಂಗಿ ಹಾಡುತ್ತಾರೆ. "ನಮ್ಮ ದನಿ ಏಳೂದಿಲ್ಲರಿ" ಅಂತ ತಮ್ಮನ್ನೇ ತಾವು ಹಳಿದುಕೊಳ್ಳುತ್ತಾರೆ. ತಾಯಂದಿರೇ, ದನಿ ನಿಮ್ಮದು ಸರಿ ಐತಿ. 32 ನಂಬರಿನ ತಂತಿ ಹಾಕಿಸಿಕೊಳ್ಳಿರಿ.

ಇನ್ನು ಹಿತ್ತಾಳೆ ತಂತಿ. ನನ್ನ ಕಿವಿಗೆ ಇದರಷ್ಟು ಒಗ್ಗಿದ್ದು ಬೇರೆ ಇಲ್ಲ. ಉಕ್ಕಿಗಿಂತ ಮೆದು, ಚೂಪು ಕಡಿಮೆ, ಇಳಿಯುವಾಗ ಹೊಗೆ ಏರಿದಂತೆ ನಿಧಾನವಾಗಿ ಕರಗುತ್ತದೆ. ದೊಡ್ಡ ತಂಬೂರಿಯ ಖರ್ಜದ ತಂತಿ ಹಿತ್ತಾಳೆಯದಿರುವುದು ಸುಮ್ಮನೆ ಅಲ್ಲ. ಕರಿ ಒಂದರ ಒಳಗೆ ಹಾಡುವ ವಯಸ್ಸಾದ ದನಿಗೆ ಹಿತ್ತಾಳೆಯನ್ನೇ ಹಾಕಬೇಕು ಅಂತ ನನ್ನ ಮತ. ಆದರೆ ಕರಿ ಮೂರಕ್ಕೆ ಏರಿಸಿದರೆ ಹರಿಯುವ ಹಂತಕ್ಕೆ ಬರುತ್ತದೆ. ಆಗ ಮಂದಿ "ಇನ್ನಷ್ಟು ದಪ್ಪದ್ದು ಹಾಕು" ಅಂತಾರ. ಅದು ತಪ್ಪು ತಿಳುವಳಿಕೆ. ತಂತಿ ದಪ್ಪಾದರೆ ತಾಕತ್ತು ಎಷ್ಟು ಹೆಚ್ಚುತ್ತದೋ ಜಗ್ಗಬೇಕಾದ ಭಾರವೂ ಅಷ್ಟೇ ಹೆಚ್ಚುತ್ತದೆ. ಅದೇ ಉದ್ದಕ್ಕೆ, ಅದೇ ಸೂರಿಗೆ ಸಣ್ಣ ಹಿತ್ತಾಳೆಯೂ ಹರಿಯುತ್ತದೆ, ದಪ್ಪ ಹಿತ್ತಾಳೆಯೂ ಹರಿಯುತ್ತದೆ. ಒಂದೋ ಗಿಡ್ಡ ಏಕತಾರಿ ಮಾಡಿಸಬೇಕು, ಇಲ್ಲಾ ಸೂರು ಇಳಿಸಬೇಕು.

ಇದೆಲ್ಲ ನಮ್ಮ ಸುತ್ತ ತಿಳಿದವರಿಲ್ಲದ ವಿದ್ಯೆ ಏನಲ್ಲ. ಮಿರಜು ನಮಗೆ ದೂರದ ಊರಲ್ಲ. ಕತ್ತಿ ಮಸೆಯುತ್ತಿದ್ದ ಶಿಕಲಗಾರ ಮನೆತನದ ಫರೀದಸಾಹೇಬರು ಅಲ್ಲಿ ತಂತಿವಾದ್ಯ ಮಾಡಲು ಹಿಡಿದು ನೂರೈವತ್ತು ವರ್ಷದ ಮೇಲಾಯಿತು. 2024ರಲ್ಲಿ ಮಿರಜಿನ ಸಿತಾರ, ತಂಬೂರಿಗಳಿಗೆ ಸರಕಾರದ ಭೌಗೋಳಿಕ ಗುರುತು ಸಿಕ್ಕಿತು. ಆ ತಂಬೂರಿಗಳ ಬುರುಡೆ ಬೆಳೆಯುವುದು ನಮ್ಮ ಮಗ್ಗಲಿನ ಮಂಗಳವೇಢೆ, ಪಂಢರಪುರದ ಹೊಲಗಳಲ್ಲಿ. ಮಿರಜಿನಲ್ಲಿ ನೆಲೆಸಿದ್ದ ಅಬ್ದುಲ್ ಕರೀಂ ಖಾನ್ ಸಾಹೇಬರು ತಂಬೂರಿ ರಿಪೇರಿಯನ್ನು ತಮ್ಮ ಕೈಯಿಂದಲೇ ಮಾಡುತ್ತಿದ್ದರು. ಅಷ್ಟು ದೊಡ್ಡ ಗವಾಯಿ ಕುದುರೆ ತೀಡುವುದನ್ನು ಕೀಳು ಅಂತ ತಿಳಿಯಲಿಲ್ಲ. ನಮ್ಮ ಮೇಳದವರು ಮಿರಜಿಗೆ ದವಾಖಾನೆಗೆ ಹೋಗಿ ಬರ್ತಾರ, ತಂತಿ ಮಾತ್ರ ಸೈಕಲ್ ಅಂಗಡಿಯದೇ.

ಚೌಡಿಕೆಯ ಮಾತು ಬೇರೆ. ಅದರ ತಂತಿ ಕೂರುವುದು ತೊಗಲಿನ ಮೇಲೆ. ಹಿಂದೆ ನರದ ತಂತಿ ಇರುತ್ತಿತ್ತು, ಈಗ ಉಕ್ಕು. ಉಕ್ಕು ತೊಗಲನ್ನು ಕೊಯ್ಯುತ್ತದೆ, ದನಿಯನ್ನೂ ಕೊಯ್ಯುತ್ತದೆ. ಯಲ್ಲಮ್ಮನ ಪದ ಹಾಡುವವರು ಅದರ ಬಗ್ಗೆ ನನಗಿಂತ ಚೆನ್ನಾಗಿ ಬರೆಯಬಲ್ಲರು, ಬರೆಯಲಿ.

ನನ್ನ ದೊಡ್ಡ ದೂರು ಇರುವುದು ಗುರುಗಳ ಮೇಲೆ. ಸಿಟ್ಟಾಗಬ್ಯಾಡ್ರಿ. ಭಜನಿ ಸ್ಪರ್ಧೆಗಳಿಗೆ ಪರೀಕ್ಷಕರಾಗಿ ಕುಂದರೋರು ನೀವು. ತಾಳಕ್ಕೆ ಇಷ್ಟು, ಸ್ವರಕ್ಕೆ ಇಷ್ಟು, ವೇಷಕ್ಕೂ ಇಷ್ಟು ಅಂತ ಗುಣ ಕೊಡುತ್ತೀರಿ. ಮಾತು ತಿಳಿಯಿತೋ ಇಲ್ಲವೋ ಅನ್ನುವುದಕ್ಕೆ ಗುಣ ಇಟ್ಟದ್ದನ್ನು ನಾನು ಕಂಡಿಲ್ಲ. ಜೋರು ಇದ್ದ ಮೇಳಕ್ಕೆ ಬಹುಮಾನ ಹೋಗುತ್ತದೆ. ಮುಂದಿನ ವರ್ಷ ಉಳಿದ ಮೇಳದವರೂ ಸೂರು ಏರಿಸುತ್ತಾರೆ, ತಂತಿ ಬಿಗಿಯುತ್ತಾರೆ. ಪೇಟಿ ಮಾಸ್ತರನೂ ಕರಿ ಮೂರರ ಕೆಳಗೆ ಇಳಿಯೋದಿಲ್ಲ. ಅರವತ್ತು ದಾಟಿದವರು ಚೀರುತ್ತಾರೆ. ನಾವು ಮಹಾರಾಷ್ಟ್ರದಲ್ಲಿದ್ದೇವೆ. ಕಚೇರಿಯ ಕಾಗದ ಮರಾಠಿ, ಬಸ್ಸಿನ ಬೋರ್ಡು ಮರಾಠಿ. ನಮ್ಮ ಕನ್ನಡ ಶಾಲೆಯ ಕೂಸುಗಳಿಗೆ ಪುಸ್ತಕದ ಹೊರಗೆ ಹಳೆಯ ತೂಕದ ಕನ್ನಡ ಕಿವಿಗೆ ಬೀಳುವ ಜಾಗ ಅಂದರೆ ಈ ಭಜನಿಯೊಂದೇ ಉಳಿದೈತಿ. ಅಲ್ಲೂ ಟಣ್ ಟಣ್ ಅಷ್ಟೇ ಕೇಳಿಸಿದರೆ ಆ ಕೂಸು ಏನು ಒಯ್ಯಬೇಕು ಮನಿಗೆ? ಹತ್ತು ಗುಣ ಮಾತಿಗೆ ಇಡಿರಿ. ಪದ ಮುಗಿದ ಮೇಲೆ ಮುಂದೆ ಕುಂತ ಹುಡುಗನಿಗೆ ಒಂದು ನುಡಿ ಹೇಳಲು ಹೇಳಿರಿ. ಅವನು ಹೇಳಿದರೆ ಮೇಳಕ್ಕೆ ಆ ಗುಣ ಕೊಡಿರಿ. ಎರಡು ವರ್ಷದಲ್ಲಿ ಬ್ರೇಕ್ ವೈರು ತಾನಾಗಿ ಹೋಗುತ್ತದೆ.

ಶ್ರುತಿ ಪೆಟ್ಟಿಗೆ ಇರುವಾಗ ಏಕತಾರಿ ಯಾಕೆ ಅಂತ ಕೆಲವರು ಕೇಳುತ್ತಾರೆ. ಪೆಟ್ಟಿಗೆ ಸೂರು ತಪ್ಪೋದಿಲ್ಲ, ಒಪ್ಪಿದೆ. ಆದರೆ ಅದು ಹಾಡುವವನ ಉಸಿರು ನೋಡಿ ನಿಲ್ಲುವುದಿಲ್ಲ, ಅವನು ದುಃಖದ ಪದಕ್ಕೆ ಬಂದಾಗ ಮೆಲ್ಲಗಾಗುವುದಿಲ್ಲ. ಕಲಿಯುವ ಹುಡುಗರಿಗೆ ಇರಲಿ.

ತಂತಿ ಹಾಕುವ ರೀತಿ ಇಷ್ಟು. ಮೊದಲು ವಾದ್ಯ ಮುಟ್ಟದೆ, ಪೇಟಿ ಇಲ್ಲದೆ, ಸಂಜೆ ಹೊತ್ತು ಒಬ್ಬರೇ ಕುಂತು ಬಾಯಿಗೆ ಬಂದ ಪದ ಹಾಡಿರಿ. ದನಿ ಎಲ್ಲಿ ನಿಲ್ಲುತ್ತದೋ ಅದನ್ನು ಪೇಟಿಯಲ್ಲಿ ಹುಡುಕಿಸಿರಿ. ಆ ಪಟ್ಟಿಗೆ ತಕ್ಕ ನಂಬರಿನ ತಂತಿ ತರಿಸಿರಿ. ತರಿಸುವಾಗ ಎರಡು ತರಿಸಿರಿ, ಒಂದು ಹರಿದರೆ ನಡುರಾತ್ರಿ ಎಲ್ಲಿ ಹುಡುಕುತ್ತೀರಿ? ಸುರುಳಿ ಬಿಚ್ಚುವಾಗ ಮಡಿಕೆ ಬೀಳಬಾರದು. ಹೊಸ ತಂತಿ ಒಂದೆರಡು ದಿನ ಇಳಿಯುತ್ತಲೇ ಇರುತ್ತದೆ, ಹಬ್ಬದ ದಿನವೇ ಹಾಕಬ್ಯಾಡ್ರಿ. ಹಾಡು ಮುಗಿದ ಮೇಲೆ ಒಣ ಅರಿವೆಯಿಂದ ಒರೆಸಿ, ಬಿರಡೆಯನ್ನು ಅರ್ಧ ಸುತ್ತು ಸಡಿಲಿಸಿ ಗೂಟಕ್ಕೆ ಹಾಕಿರಿ. ಜೀವಾಳಿಗೆ ಹತ್ತಿಯ ದಾರವೇ ಇರಲಿ, ನೈಲಾನ್ ಬ್ಯಾಡ.