ಅನ್ನ ಕಡಮೆಯಾದ ಅಡುಗೆ

ಊಟವಾಯಿತೇ ಎಂದು ಕೇಳುವಾಗ ಅನ್ನವನ್ನೋ ಮುದ್ದೆಯನ್ನೋ ರೊಟ್ಟಿಯನ್ನೋ ಮನಸ್ಸಿನಲ್ಲಿಟ್ಟುಕೊಂಡೇ ಕೇಳುವ ನಾಡಿನಲ್ಲಿ, ಆ ಮೂರನ್ನೂ ಎಲೆಯ ನಡುವಿನಿಂದ ಅಂಚಿಗೆ ಸರಿಸಬೇಕೆಂದು ವಿಧಿಸುವ ಪಾಕಪದ್ಧತಿಯೊಂದು ಈಚಿನ ವರ್ಷಗಳಲ್ಲಿ ಮಧುಮೇಹಿಗಳ ಮನೆಗಳನ್ನೂ, ಮೈ ಇಳಿಸಬೇಕೆಂಬ ತರುಣರ ಮನೆಗಳನ್ನೂ ಹೊಕ್ಕು ಕುಳಿತಿದೆ. ಶರ್ಕರಪಿಷ್ಟವನ್ನು ತಗ್ಗಿಸಿದ ಈ ‘ಲೋ ಕಾರ್ಬ್’ ಅಡುಗೆಯನ್ನು ಅದರ ಪಕ್ಷದವರು ಔಷಧವೆಂದು ಹೊಗಳುತ್ತಾರೆ, ಪ್ರತಿಪಕ್ಷದವರು ಉಪವಾಸವೆಂದು ಹಳಿಯುತ್ತಾರೆ. ಅಡುಗೆಯೆಂಬ ದೃಷ್ಟಿಯಿಂದ ಅದನ್ನು ಪರೀಕ್ಷಿಸಿದವರು ವಿರಳ. ವರ್ಷಾನುವರ್ಷ ಉಣ್ಣಬೇಕಾದ ಪದಾರ್ಥವು ನಾಲಗೆಗೆ ಒಗ್ಗದೆ ಹೋದರೆ ಅದರ ಗುಣ ಎಷ್ಟು ದೊಡ್ಡದಾದರೂ ಮೂರು ತಿಂಗಳಿಗಿಂತ ಹೆಚ್ಚು ಆಯುಸ್ಸು ಅದಕ್ಕಿರಲಾರದು.

ಗುಣದ ಮಾತನ್ನು ಮೊದಲು ಮುಗಿಸೋಣ. ಅನ್ನದ ಪಿಷ್ಟವು ಜೀರ್ಣವಾಗಿ ಗ್ಲೂಕೋಸ್ ರೂಪದಲ್ಲಿ ರಕ್ತವನ್ನು ಸೇರುವುದರಿಂದ, ಇನ್ಸುಲಿನ್ನಿನ ಪ್ರಭಾವ ಕುಂದಿದ ದೇಹದಲ್ಲಿ ಅನ್ನದ ಪ್ರಮಾಣ ತಗ್ಗಿದೊಡನೆ ಊಟದ ಅನಂತರದ ರಕ್ತಶರ್ಕರೆಯೂ ತಗ್ಗುವುದು, ಇದರಲ್ಲಿ ವಿವಾದವಿಲ್ಲ. ಆದರೆ ಮೊದಲ ವಾರದಲ್ಲಿಯೇ ತೂಕ ಸರ್ರನೆ ಇಳಿದುದನ್ನು ಕಂಡು ಹಿಗ್ಗುವವರು, ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಗ್ಲೈಕೋಜನ್ ಆಗಿ ಸಂಚಿತವಾದ ಪಿಷ್ಟವು ತನ್ನ ತೂಕದ ಸುಮಾರು ಮೂರರಷ್ಟು ನೀರನ್ನು ಹಿಡಿದಿಟ್ಟುಕೊಂಡಿರುತ್ತದೆಂಬುದನ್ನೂ, ಆ ಸಂಚಯ ಕರಗಿದಾಗ ಹೊರಟುಹೋಗುವುದು ಬಹುಮಟ್ಟಿಗೆ ನೀರೇ ಎಂಬುದನ್ನೂ ನೆನೆಯಬೇಕು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ಟಫರ್ ಗಾರ್ಡ್‌ನರ್ ಮತ್ತು ಸಂಗಡಿಗರು 609 ಮಂದಿಯನ್ನು ಒಂದು ವರ್ಷ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಕೊಬ್ಬನ್ನು ತಗ್ಗಿಸಿದವರಿಗೂ ಪಿಷ್ಟವನ್ನು ತಗ್ಗಿಸಿದವರಿಗೂ ತೂಕದ ಇಳಿತದಲ್ಲಿ ಗಣನೀಯ ಭೇದ ಕಾಣಲಿಲ್ಲ. ಸಕ್ಕರೆಯನ್ನೂ ನಯವಾದ ಹಿಟ್ಟನ್ನೂ ಬಿಟ್ಟು ತರಕಾರಿಯನ್ನು ಹೆಚ್ಚಿಸಬೇಕೆಂಬ ಉಪದೇಶ ಎರಡು ಪಂಗಡಕ್ಕೂ ಸಮಾನವಾಗಿತ್ತು. ನಮ್ಮ ದೇಶದ ‘ಇಂಡಿಯಾಬ್’ ಮಧುಮೇಹ ಸಮೀಕ್ಷೆಯನ್ನಾಧರಿಸಿ ಡಾ. ವಿ. ಮೋಹನ್ ಮತ್ತು ಸಹಲೇಖಕರು 2022ರಲ್ಲಿ ಮಂಡಿಸಿದ ಲೆಕ್ಕಾಚಾರವು ಇನ್ನೂ ಸೌಮ್ಯವಾದದ್ದು: ಹೊಸದಾಗಿ ಮಧುಮೇಹ ಕಂಡವರು ಅದನ್ನು ಹಿಮ್ಮೆಟ್ಟಿಸಬೇಕಾದರೆ ಆಹಾರಶಕ್ತಿಯಲ್ಲಿ ಪಿಷ್ಟದ ಪಾಲು ಶೇಕಡ 49ರಿಂದ 54ರ ನಡುವಿಗೆ ಇಳಿಯಬೇಕು, ಪ್ರೋಟೀನಿನ ಪಾಲು ಶೇಕಡ 20ರ ಸಮೀಪಕ್ಕೆ ಏರಬೇಕು. ಅನ್ನವನ್ನು ನಿರ್ಮೂಲ ಮಾಡಬೇಕೆಂಬ ಉಗ್ರವಾದಕ್ಕೆ ಇದರಲ್ಲಿ ಆಧಾರ ಸಿಗದು.

ಇಲ್ಲೊಂದು ಭ್ರಮೆಯನ್ನು ಕಳೆಯುವುದು ಆವಶ್ಯಕ. ಅಕ್ಕಿಯನ್ನು ಬಿಟ್ಟು ರಾಗಿಯನ್ನೋ ನವಣೆಯನ್ನೋ ಹಿಡಿದವರು ತಾವು ಪಿಷ್ಟವನ್ನೇ ತೊರೆದೆವೆಂದು ತಿಳಿಯುವುದುಂಟು. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಶರ್ಕರಪಿಷ್ಟವಿದ್ದರೆ ರಾಗಿಯಲ್ಲಿ 70ರ ಆಸುಪಾಸಿನಷ್ಟಿದೆ. ರಾಗಿಯ ಹಿರಿಮೆ ಅದರ ನಾರಿನಲ್ಲಿಯೂ ಸುಣ್ಣದಂಶದಲ್ಲಿಯೂ ಇದೆ. ಎರಡು ದೊಡ್ಡ ಮುದ್ದೆಯನ್ನು ನುಂಗಿದವನಿಗೆ ಆ ಹಿರಿಮೆ ರಕ್ಷೆಯಾಗಲಾರದು.

ಇನ್ನು ಅಡುಗೆಯ ವಿಚಾರ. ಈ ಪದ್ಧತಿಯ ಪಾಕವಿಧಾನಗಳಲ್ಲಿ ಬಹುಪಾಲು ಅನುಕರಣೆಯೇ ತುಂಬಿದೆ: ಹೂಕೋಸನ್ನು ತುರಿದು ಮಾಡಿದ ‘ಅನ್ನ’, ಬಾದಾಮಿ ಹಿಟ್ಟಿನ ‘ಚಪಾತಿ’, ಪನೀರು ಪುಡಿಮಾಡಿದ ‘ಉಪ್ಪಿಟ್ಟು’. ರಾಜವೇಷದವನು ಬಾರದ ರಾತ್ರಿ ಕೋಡಂಗಿಗೆ ಕಿರೀಟ ತೊಡಿಸಿ ರಂಗಕ್ಕೆ ಬಿಟ್ಟ ಹಾಗೆ, ಇಲ್ಲದ್ದನ್ನು ಮರೆಸುವುದಕ್ಕೆಂದು ಮಾಡಿದ ಉಪಾಯವೇ ಇಲ್ಲದ್ದನ್ನು ಹೆಜ್ಜೆಹೆಜ್ಜೆಗೂ ನೆನಪಿಸುತ್ತದೆ. ಸಾರನ್ನು ಹೀರಿಕೊಳ್ಳುವುದು ಅನ್ನದ ಮೈಗುಣ. ಹೂಕೋಸಿನ ಚೂರುಗಳಿಗೆ ಅದು ಇಲ್ಲವಾದ್ದರಿಂದ ತಟ್ಟೆಯಲ್ಲಿ ಸಾರೊಂದು ಕಡೆ, ಚೂರುಗಳೊಂದು ಕಡೆ. ಗೋಧಿಯ ಜಿಗುಟಿಲ್ಲದ ಬಾದಾಮಿ ಹಿಟ್ಟು ಲಟ್ಟಣಿಗೆಯ ಕೆಳಗೆ ಬಿರಿಯುವುದರಿಂದ ಅದನ್ನು ಕೂಡಿಸಲು ಇಸಬ್‌ಗೋಲನ್ನು ಬೆರೆಸಬೇಕಾಗುತ್ತದೆ. ಬಾದಾಮಿಯ ಬೆಲೆಯ ಮಾತನ್ನು ಎತ್ತದಿರುವುದೇ ಲೇಸು.

ವಿಷಾದವೆಂದರೆ, ಈ ಕೃತಕಕ್ಕೆ ಕೈಹಾಕುವ ಮನೆಯಲ್ಲಿಯೇ ಅದರ ಅಗತ್ಯವನ್ನು ತಪ್ಪಿಸಬಲ್ಲ ವ್ಯಂಜನಗಳು ತಲೆಮಾರುಗಳಿಂದ ಇವೆ. ಸೊಪ್ಪು ಕಾಳುಗಳನ್ನು ಬೇಯಿಸಿ ಕಟ್ಟನ್ನು ಬಸಿದು, ಉಳಿದುದನ್ನು ಪಲ್ಯ ಮಾಡುವ ಬಸ್ಸಾರಿನ ಕ್ರಮ, ಸೌತೆಕಾಯಿಯೊಡನೆ ನೆನೆದ ಹೆಸರುಬೇಳೆ ಸೇರಿದ ಕೋಸಂಬರಿ, ಬೂದುಗುಂಬಳದ ಮಜ್ಜಿಗೆಹುಳಿ, ಮಲೆನಾಡಿನ ಒಂದೆಲಗದ ತಂಬುಳಿ, ಶೇಂಗಾಪುಡಿ ತುಂಬಿದ ಉತ್ತರದ ಎಣ್ಣೆಗಾಯಿ, ಕರಾವಳಿಯ ಬಂಗುಡೆ ಸಾರು—ಇವುಗಳಲ್ಲಿ ಒಂದೂ ಅನ್ನದ ವೇಷ ಹಾಕಬೇಕಾಗಿಲ್ಲ. ಬೇಳೆಕಾಳುಗಳಲ್ಲಿ ಪಿಷ್ಟವಿಲ್ಲವೆಂದಲ್ಲ, ಪ್ರೋಟೀನೂ ನಾರೂ ಜತೆಗಿರುವುದರಿಂದ ಅದು ನಿಧಾನವಾಗಿ ರಕ್ತಕ್ಕಿಳಿಯುತ್ತದೆ. ಆದರೆ ವ್ಯಂಜನವನ್ನು ಊಟದ ನಡುವಿಗೆ ತರುವುದೆಂದರೆ ಬಟ್ಟಲನ್ನು ದೊಡ್ಡದು ಮಾಡಿದಷ್ಟು ಸುಲಭವಲ್ಲ. ನಮ್ಮ ಹುಳಿ, ಗೊಜ್ಜುಗಳ ಉಪ್ಪು ಹುಳಿ ಖಾರಗಳೆಲ್ಲ ಸಪ್ಪೆಯಾದ ಅನ್ನದೊಡನೆ ಕಲೆತು ಸೌಮ್ಯವಾಗುವುದೆಂಬ ಎಣಿಕೆಯಿಂದಲೇ ಹದಗೊಂಡಂಥವು. ಅನ್ನವನ್ನು ತೆಗೆದು ಅವನ್ನೇ ಬಟ್ಟಲುಗಟ್ಟಲೆ ಉಂಡರೆ ನಾಲಗೆ ಉರಿಯುವುದಲ್ಲದೆ, ಸಕ್ಕರೆಯನ್ನು ಇಳಿಸಹೊರಟವನು ಉಪ್ಪನ್ನು ಹೆಚ್ಚಿಸಿಕೊಂಡು ರಕ್ತದೊತ್ತಡವನ್ನು ಬರಮಾಡಿಕೊಂಡಾನು. ಆದಕಾರಣ ಹೋಳು ಹೆಚ್ಚಬೇಕು, ರಸ ಗಟ್ಟಿಯಾಗಬೇಕು, ಉಪ್ಪು ಇಳಿಯಬೇಕು, ಹುಣಿಸೆಯೂ ಅದನ್ನು ಸರಿದೂಗಿಸುವ ಬೆಲ್ಲವೂ ಜತೆಯಾಗಿ ತಗ್ಗಬೇಕು. ಈ ಪುನರ್ವಿಚಾರವೇ ನಿಜವಾದ ಪಾಕಕೌಶಲ; ಈಗಿನ ಪಾಕವಿಧಾನಗಳಲ್ಲಿ ಅದರ ಸುಳಿವು ಕಾಣುವುದು ಅಪರೂಪ.

ಪಿಷ್ಟವನ್ನು ಅತ್ಯಲ್ಪಕ್ಕಿಳಿಸಿ ಬೆಣ್ಣೆ ಮಾಂಸಗಳಿಂದಲೇ ಹೊಟ್ಟೆ ತುಂಬುವ ಕೀಟೋ ಮಾರ್ಗವನ್ನು ಮನೆಯಡುಗೆಯೆಂದು ಕರೆಯಲು ನನಗೆ ಮನಸ್ಸಿಲ್ಲ. ಅಪಸ್ಮಾರದ ಮಕ್ಕಳಿಗೆ ವೈದ್ಯರು ಅದನ್ನು 1920ರ ದಶಕದಿಂದ ವಿಧಿಸಿದ್ದಾರೆ. ಅದು ಚಿಕಿತ್ಸೆ, ಅದರ ಕಾವಲಿಗೆ ವೈದ್ಯರಿರುತ್ತಾರೆ. ಇನ್ಸುಲಿನ್ನನ್ನೋ ಗ್ಲಿಮೆಪಿರೈಡನ್ನೋ ತೆಗೆದುಕೊಳ್ಳುತ್ತಿರುವ ಮಧುಮೇಹಿ ಔಷಧದ ಪ್ರಮಾಣವನ್ನು ವೈದ್ಯರಲ್ಲಿ ಕೇಳಿ ತಿಳಿಯದೆ ಅನ್ನವನ್ನು ಹಠಾತ್ತನೆ ನಿಲ್ಲಿಸಿದರೆ ರಕ್ತಶರ್ಕರೆ ಅಪಾಯಕರವಾಗಿ ಕುಸಿಯಬಹುದು. ಡಾಪಾಗ್ಲಿಫ್ಲೋಜಿನ್ ವರ್ಗದ ಔಷಧವಿದ್ದರೆ ರಕ್ತ ಆಮ್ಲೀಯವಾಗುವ ಭಯವೂ ಉಂಟು.

ಮನೆಯಲ್ಲಿ ಒಬ್ಬರಿಗೆ ಬಂದ ವ್ಯಾಧಿಗಾಗಿ ಗೃಹಿಣಿ ಎರಡು ಅಡುಗೆ ಮಾಡಬೇಕಾಗಿ ಬರುವುದು ಲೋ ಕಾರ್ಬ್ ಪದ್ಧತಿಯ ಇನ್ನೊಂದು ದೋಷ. ಇದನ್ನು ಹೊಗಳುವ ಗಂಡಸರು ಸಾಮಾನ್ಯವಾಗಿ ಒಲೆಯ ಮುಂದೆ ನಿಲ್ಲುವವರಲ್ಲ. ವ್ಯಂಜನಪ್ರಧಾನವಾದ ಊಟದಲ್ಲಿ ಈ ಕಷ್ಟ ಬಹುಮಟ್ಟಿಗೆ ತಪ್ಪುತ್ತದೆ. ಹುಳಿಯೊಂದೇ, ಪಲ್ಯವೊಂದೇ, ಬೆಳೆಯುವ ಹುಡುಗನ ತಟ್ಟೆಗೆ ಮೂರು ಸೌಟು ಅನ್ನ, ತಂದೆಯ ತಟ್ಟೆಗೆ ಅರ್ಧ. ಉಪ್ಪು ತಗ್ಗಿಸಿದ ಹುಳಿ ಹುಡುಗನ ಅನ್ನಕ್ಕೆ ಸಪ್ಪೆಯಾಯಿತೆಂದರೆ, ಎಲೆಯ ತುದಿಗೆ ಉಪ್ಪು ಬಡಿಸುವ ಪಂಕ್ತಿಯ ಪದ್ಧತಿಯನ್ನು ಮನೆಯಲ್ಲಿಯೂ ಇಟ್ಟುಕೊಂಡರೆ ಸಾಕು. ಬೇಕಾದವನು ಬೇಕಾದಷ್ಟು ಬೆರೆಸಿಕೊಳ್ಳುತ್ತಾನೆ.